ಎರಡು ರಟ್ಟುಗಳ ನಡುವಿನ ಭಾವಚಿತ್ರ

ಈ ಹೊತ್ತು ನಮ್ಮ ಅಡುಗೆಮನೆಯ ತುಂಬ ಸೊಗಡಿನ ಅವರೆಕಾಯಿಯ ವಾಸನೆ. ಕೈಗೆ ಅಂಟಿದರೆ ಸೋಪಿಗೂ ಬಗ್ಗದ ಆ ವಾಸನೆಯನ್ನು ಪ್ರತಿ ಚಳಿಗಾಲದಲ್ಲಿಯೂ ಕಾದು ಕುಳಿತು ಬರಮಾಡಿಕೊಳ್ಳುವವನು ನಾನು. ಈ ಬಾರಿ ಮಾತ್ರ ಅದನ್ನು ಸಹಿಸುವುದು ಕಷ್ಟವಾಗಿದೆ. ಈ ಕಾಯಿ ನಮ್ಮ ಮನೆಗೆಂದು ಬಂದದ್ದಲ್ಲ. ಪಕ್ಕದ ಮನೆಗೆಂದು ಬಂದದ್ದು. ಆ ಮನೆಗೆ ಬೀಗ ಬಿದ್ದಿದೆ.

ಅಲ್ಲಿ ವಾಸವಾಗಿದ್ದವರು ಪತ್ರಿಕೆಯೊಂದರ ಜಿಲ್ಲಾ ವರದಿಗಾರರು. ಚಿಕ್ಕಬಳ್ಳಾಪುರದ ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎಲ್ಲರಿಗೂ ಅವರು ‘ಪೇಪರ್‌ನೋರು’. ನಾನಾಗ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಸಂಜೆ ಕಾಂಪೌಂಡಿನ ಗೋಡೆಗೆ ಮೊಣಕೈ ಊರಿಕೊಂಡು ಅವರು ಆ ದಿನದ ವರದಿಯನ್ನು ಓದುತ್ತಿದ್ದರು. ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಿಕೆ ತಪ್ಪಿದ ಕಡೆ ನಾನು ತಡೆಯುತ್ತಿದ್ದೆ.

“ನಿಮ್ಮ ಕೈಲಿ ಪಾಸಾಗೋದು ಎಸ್ಸೆಸ್ಸೆಲ್ಸಿಗಿಂತ ಕಷ್ಟ ಮೇಷ್ಟ್ರೇ. ನಮ್ಮ ಎಡಿಟ್ರು ಇದರಲ್ಲಿ ಅರ್ಧಾನೂ ಬಯ್ಯಲ್ಲ,” ಎಂದು ನಗುತ್ತಿದ್ದರು. ತಿದ್ದುಪಡಿಯನ್ನು ಮಾತ್ರ ತಪ್ಪದೆ ಮಾಡಿಕೊಳ್ಳುತ್ತಿದ್ದರು.

ಶಿಡ್ಲಘಟ್ಟದ ರೇಷ್ಮೆಗೂಡಿನ ಧಾರಣೆ, ಪೆರೇಸಂದ್ರದ ಬಳಿಯ ಹೆದ್ದಾರಿ ಅಪಘಾತ, ಸಚಿವರ ಭೇಟಿ, ಎಲ್ಲವನ್ನೂ ಅವರು ಬರೆದರು. ಆದರೆ ಹಳ್ಳಿಗಳಲ್ಲಿ ಅವರು ಹೆಸರಾದದ್ದು ಸಾವಿನ ಸುದ್ದಿಯಿಂದ. ದೊಡ್ಡವರ ಸಾವಲ್ಲ; ಸೂಲಗಿತ್ತಿ, ಬಡಗಿ, ನಿವೃತ್ತ ಜವಾನ, ಭಜನೆಯ ತಂಡದ ಹಿರಿಯ, ಇಂಥವರದು. ಸುದ್ದಿ ತಿಳಿದೊಡನೆ ಸ್ಕೂಟರ್ ಏರಿ ಆ ಮನೆಗೆ ಹೋಗುವರು, ಸ್ವಲ್ಪ ಹೊತ್ತು ಕುಳಿತು ಮಾತನಾಡಿಸುವರು, ತೀರಿಕೊಂಡವರ ಭಾವಚಿತ್ರವೊಂದನ್ನು ಕೇಳಿ ಪಡೆಯುವರು. ಎಷ್ಟೋ ಮನೆಗಳಲ್ಲಿ ಇರುತ್ತಿದ್ದುದೇ ಒಂದು ಭಾವಚಿತ್ರ. ಅದು ಮಡಚಿಕೊಳ್ಳದಿರಲೆಂದು ನಾನು ಕೊಟ್ಟಿದ್ದ ಹಳೆಯ ಪರೀಕ್ಷೆಯ ರಟ್ಟನ್ನು ಎರಡಾಗಿ ಕತ್ತರಿಸಿ, ನಡುವೆ ಚಿತ್ರವನ್ನಿಟ್ಟು, ರಬ್ಬರ್ ಬ್ಯಾಂಡ್ ಹಾಕಿ ಚೀಲದಲ್ಲಿಡುತ್ತಿದ್ದರು. ಸುದ್ದಿ ಅಚ್ಚಾದ ಮೇಲೆ, ಉತ್ತರಕ್ರಿಯೆಗೆ ಮುಂಚೆ, ಪತ್ರಿಕೆಯ ಪ್ರತಿಯೊಡನೆ ಚಿತ್ರವನ್ನು ತಾವೇ ಹೋಗಿ ಹಿಂದಿರುಗಿಸುವುದು ಅವರ ಕ್ರಮ.

ಫೋನಿನಲ್ಲಿ ಚಿತ್ರ ತರಿಸಿಕೊಳ್ಳಬಾರದೇ ಎಂದು ಒಮ್ಮೆ ಕೇಳಿದ್ದೆ.

“ಅದ್ರಲ್ಲಿ ಮುಖ ಬರುತ್ತೆ ಮೇಷ್ಟ್ರೇ, ಮನುಷ್ಯ ಬರಲ್ಲ. ಆ ಮನೇಲಿ ಕೂತು ಒಂದು ಲೋಟ ನೀರು ಕುಡಿದ್ರೆ ತಾನೇ ಬರೆಯೋಕೆ ಏನಾದ್ರೂ ಸಿಗೋದು?”

ಆಮೇಲೆ ಆ ಬೆಳಿಗ್ಗೆ ಬಂತು… ಗಿಡಗಳಿಗೆ ನೀರು ಹಾಕುತ್ತಿದ್ದೆ. ಅವರು ಗೋಡೆಯ ಬಳಿ ಬಂದು ನಿಂತರು, ಕೈಯಲ್ಲಿ ಕಾಗದವಿರಲಿಲ್ಲ.

“ನಮ್ಮ ಪುಟ ಎತ್ತಿಬಿಟ್ರು.”

ಯಾವ ಪುಟವೆಂದೆ.

“ಜಿಲ್ಲೆ ಪುಟ. ಪುಟದ ಜೊತೆ ನಮ್ಮನ್ನೂ.”

ಸಭೆಯು ಫೋನಿನ ಪರದೆಯ ಮೇಲೆಯೇ ಮುಗಿದಿತ್ತಂತೆ. ಗೌರಿಬಿದನೂರಿನವರು, ಚಿಂತಾಮಣಿಯವರು, ಬೇರೆ ಜಿಲ್ಲೆಗಳವರು, ಎಲ್ಲರೂ ಪುಟ್ಟ ಪುಟ್ಟ ಚೌಕಗಳಲ್ಲಿದ್ದರು. ಬೆಂಗಳೂರಿನಿಂದ ಒಬ್ಬರು ತೀರ್ಮಾನವನ್ನು ಓದಿ ಹೇಳಿದರು. ಉಳಿದವರ ದನಿ ಕೇಳಿಸದಂತೆ ಮೊದಲೇ ಏರ್ಪಾಡು ಮಾಡಿದ್ದರು. “ಗೌರಿಬಿದನೂರೋನು ಬಾಯಿ ಆಡಿಸ್ತಾನೇ ಇದ್ದ ಮೇಷ್ಟ್ರೇ. ಏನಂದ್ನೋ ಪಾಪ, ಒಂದೂ ಕೇಳಿಸ್ಲಿಲ್ಲ.” ಇಷ್ಟನ್ನು ಹೇಳಿ ಅವರು ನನ್ನ ಗುಲಾಬಿ ಗಿಡವನ್ನೇ ನೋಡುತ್ತ ನಿಂತರು.

ಅದಾಗಿ ಕೆಲವೇ ದಿನಗಳಲ್ಲಿ ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯ ಹೆಣ್ಣುಮಗಳೊಬ್ಬಳು ಅವರಿಗೆ ಫೋನು ಮಾಡಿದಳು. ಊರಿನ ಅರ್ಧದಷ್ಟು ಹೆರಿಗೆಗಳನ್ನು ತಮ್ಮ ಕೈಯಿಂದ ಮಾಡಿಸಿದ್ದ ಅವಳ ತಾಯಿ ತೀರಿಕೊಂಡಿದ್ದರು. ನಾನೀಗ ಆ ಕೆಲಸದಲ್ಲಿಲ್ಲ ಎಂಬ ಒಂದು ವಾಕ್ಯವನ್ನು ಇವರು ಹೇಳಬೇಕಾಗಿತ್ತು. ಹೇಳಲಿಲ್ಲ. ಸ್ಕೂಟರ್ ಏರಿ ಹೋದರು, ಕುಳಿತರು, ಕೇಳಿದರು, ಚಿತ್ರವನ್ನು ರಟ್ಟುಗಳ ನಡುವೆ ಇಟ್ಟುಕೊಂಡರು. “ನಾಳೆ ಬರುತ್ತಾ ಸಾರ್?” ಎಂದು ಮಗಳು ಕೇಳಿದಾಗ, ಇಷ್ಟು ವರ್ಷ ಪ್ರತಿ ಮನೆಯ ಹೊಸಿಲಲ್ಲಿಯೂ ಹೇಳಿದ್ದ ಮಾತನ್ನೇ ಹೇಳಿಬಿಟ್ಟರು.

“ಬರುತ್ತಮ್ಮ.”

ಆ ಸಂಜೆ ನಮ್ಮ ಗೋಡೆಯ ಬಳಿ ನಿಂತು ಬೆಂಗಳೂರಿನ ಕಚೇರಿಗೆ ಫೋನು ಮಾಡಿದರು. ಪರಿಚಿತರೆಲ್ಲ ಇವರಂತೆಯೇ ಹೊರಬಿದ್ದಿದ್ದರು. ಎತ್ತಿಕೊಂಡ ಎಳೆಯ ದನಿ ನನಗೂ ಕೇಳಿಸಿತು: “ಆ ಪೇಜ್ ಈಗ ಇಲ್ಲ ಸರ್. ತಾವು ಯಾರು ಮಾತಾಡ್ತಿರೋದು?” ಇವರು ತಮ್ಮ ಹೆಸರನ್ನು ಹೇಳಲು ಬಾಯಿ ತೆರೆದು, ಹೇಳದೆಯೇ ಇಟ್ಟುಬಿಟ್ಟರು. ಇನ್ನೊಂದು ಪತ್ರಿಕೆಯ ಚಿಂತಾಮಣಿ ವರದಿಗಾರ ಇವರ ಹಳೆಯ ಪ್ರತಿಸ್ಪರ್ಧಿ. ಸುದ್ದಿಗಾಗಿ ಇಬ್ಬರೂ ಜಗಳವಾಡಿದ್ದುಂಟು. ಆತನನ್ನೂ ಬೇಡಿಕೊಂಡರು. “ಕಳಿಸ್ತೀನಿ ಅಣ್ಣ. ನನ್ನ ಕುರ್ಚಿನೇ ಅಲ್ಲಾಡ್ತಾ ಐತೆ, ಹಾಕ್ತಾರೋ ಬಿಡ್ತಾರೋ,” ಎಂದನಂತೆ. ಹಾಕಲಿಲ್ಲ.

ಮಗಳು ದಿನವೂ ಫೋನು ಮಾಡಿದಳು. ಯಾರ ಫೋನನ್ನೂ ಎತ್ತದೆ ಬಿಟ್ಟವರಲ್ಲದ ಅವರು, ಅದು ಬಡಿದುಕೊಳ್ಳುವಷ್ಟು ಹೊತ್ತೂ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದರು. ಉತ್ತರಕ್ರಿಯೆ ಹತ್ತಿರ ಬಂತು, ಚಿತ್ರವನ್ನು ಕೊಡಲೇಬೇಕಾಗಿತ್ತು. “ಜೊತೆಗೆ ಬನ್ನಿ ಮೇಷ್ಟ್ರೇ,” ಎಂದರು. ಹೋದೆ.

ಊರಿನ ಹೊರಗಿನ ಮೋರಿಯ ಬಳಿ ಸ್ಕೂಟರ್ ನಿಲ್ಲಿಸಿದರು. “ನೀವೇ ಕೊಟ್ಟು ಬನ್ನಿ,” ಎಂದು ಕಟ್ಟೆಯ ಮೇಲೆ ಕುಳಿತರು. ಕರೆದೆ. ಒಲ್ಲೆನೆಂದು ತಲೆಯಾಡಿಸಿದರು.

ಮನೆಯ ಜಗುಲಿಯ ಮೇಲೆ ಪತ್ರಿಕೆಗಳ ಒಂದು ಕಟ್ಟು ಇತ್ತು. ಬಸ್ಸಿನ ಕಂಡಕ್ಟರ್ ಕೈಯಲ್ಲಿ ಅವಳು ದಿನವೂ ಚಿಂತಾಮಣಿಯಿಂದ ತರಿಸಿದ್ದಳು.

“ಯಾವ ದಿನ ಬಂತು, ಒಸಿ ತೋರಿಸಿ ಸಾರ್. ಎಲ್ಲಾ ಪುಟಾನೂ ತಿರುವಿ ಹಾಕ್ದೆ. ನಾನೇ ಸರ್ಯಾಗಿ ನೋಡ್ಲಿಲ್ವೇನೋ.”

ನಾನು ಇದ್ದದ್ದನ್ನು ಹೇಳಿದೆ. ಮೂಲೆಯಲ್ಲಿ ಕುಳಿತಿದ್ದ ಮುದುಕಿ ತೆಲುಗಿನಲ್ಲಿ “ಏಮಂಟಮ್ಮಾ?”, ಏನಂತಮ್ಮಾ, ಎಂದು ಕೇಳಿದಳು. ಮಗಳು ತಾಯಿಯ ಚಿತ್ರವನ್ನು ಸೆರಗಿನಿಂದ ಒರೆಸಿದಳು. ಕೋಪವಿಲ್ಲದೆ, ನಿಜಕ್ಕೂ ತಿಳಿದುಕೊಳ್ಳಲೆಂಬಂತೆ ಕೇಳಿದಳು:

“ಹಂಗಾದ್ರೆ ಅವ್ರು ಯಾಕೆ ಬಂದ್ರು ಸಾರ್?”

ಮೂರು ದಶಕಗಳ ಕಾಲ ಮಕ್ಕಳಿಗೆ ಪ್ರಶ್ನೆ ಕೇಳಿದವನು ನಾನು. ಜಗುಲಿಯ ಮೇಲಿನ ಪತ್ರಿಕೆಗಳ ಕಟ್ಟನ್ನು ಜೋಡಿಸಿಟ್ಟು ಹೊರಟೆ.

ಮೋರಿಯ ಬಳಿಗೆ ಹಿಂದಿರುಗಿದಾಗ ಅವರು ಎದ್ದು ನಿಂತರು. “ಏನಂದ್ರು?”

“ಕಾಫಿ ಕುಡಿದು ಹೋಗಬೇಕಂತೆ. ಕರೆದರು.”

“ಸುಳ್ಳು ಹೇಳುವಾಗ್ಲೂ ವಾಕ್ಯ ಸರಿಯಾಗಿ ಕಟ್ತೀರ ಮೇಷ್ಟ್ರೇ,” ಎಂದು ಸ್ಕೂಟರ್ ಒದ್ದರು. ನಾನು ಅವರಿಂದ ಕೇಳಿದ ಕೊನೆಯ ತಮಾಷೆ ಅದು. ಮನೆ ತಲುಪಿದ ಮೇಲೆ ರಟ್ಟುಗಳನ್ನು ನನ್ನ ಕೈಗಿತ್ತರು. “ನಿಮ್ಮವೇ ಅಲ್ವಾ… ಇಟ್ಕೊಳ್ಳಿ.”

ಆ ಬಳಿಕ ಅವರು ಗೋಡೆಯ ಬಳಿಗೆ ಬರುವುದು ಕಡಿಮೆಯಾಯಿತು. ಬೆಳಗಿನ ಪತ್ರಿಕೆಯನ್ನು ನಿಲ್ಲಿಸಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮುಂಜಾನೆ ಸ್ನಾನಕ್ಕೆಂದು ಎದ್ದವರು ಬಚ್ಚಲಿನ ಬಾಗಿಲಲ್ಲಿ ಕುಸಿದರು, ಮತ್ತೆ ಏಳಲಿಲ್ಲ. ವೈದ್ಯರು ಹೃದಯವೆಂದರು. ಇರಬಹುದು… ನಾನು ಅಂದು ಮೇಜಿನ ಮುಂದೆ ಕುಳಿತು, ಅವರ ಬಗೆಗೆ ನಾಲ್ಕು ಸಾಲುಗಳ ಸುದ್ದಿಯನ್ನು ದೋಷವಿಲ್ಲದಂತೆ ಬರೆದೆ. ಬರೆದು ಮುಗಿಸಿದ ಮೇಲೆ, ಅದನ್ನು ಯಾರಿಗೆ ಕಳುಹಿಸಬೇಕೆಂದು ತಿಳಿಯದೆ ಕುಳಿತೆ. ಅವರ ಪತ್ನಿ ಗೌರಿಬಿದನೂರಿನ ಮಗಳ ಮನೆಗೆ ಹೋದರು. ಗೋಡೆಯ ಮೇಲಿದ್ದ ಗಂಡನ ಒಂದೇ ಭಾವಚಿತ್ರವೂ ಅವರೊಡನೆ ಹೋಯಿತು.

ಇಂದು ಬೆಳಿಗ್ಗೆ ಗೇಟಿನ ಸದ್ದಾಯಿತು. ಕೆಂಚಾರ್ಲಹಳ್ಳಿಯ ಆ ಹೆಣ್ಣುಮಗಳು. ಸೊಂಟದಲ್ಲಿ ಅವರೆಕಾಯಿಯ ಚೀಲ.

“ಪಕ್ಕದ್ಮನೆಗೆ ಬೀಗ ಹಾಕೈತಲ್ಲ ಸಾರ್, ಪೇಪರ್‌ನೋರು ಎಲ್ಲಿಗಾದ್ರೂ ಹೋದ್ರಾ? ಆವತ್ತು ನಾನು ಹಂಗೆ ಕೇಳ್ಬಾರ್ದಾಗಿತ್ತು. ನಮ್ಮಮ್ಮನ ಪಕ್ಕ ಅಷ್ಟೊತ್ತು ಕೂತಿದ್ರು. ಒಂದ್ಸಲ ಕಂಡು ಹೇಳಿ ಹೋಗಣ ಅಂತ ಬಂದೆ.”

ನಾನು ಹೇಳಿದೆ. ಅವಳು ಚೀಲವನ್ನು ಕೆಳಗಿಳಿಸಿ, ಬೀಗ ಹಾಕಿದ ಬಾಗಿಲನ್ನು ನೋಡಿದಳು.

“ನಮ್ಗೆ ಯಾರೂ ಹೇಳ್ಲೇ ಇಲ್ವಲ್ಲ ಸಾರ್…”

ಅವರ ಒಂದು ಫೋಟೊ ಇದ್ದರೆ ನೋಡುತ್ತೇನೆಂದಳು. ಒಳಗೆ ಹೋಗಿ ಹುಡುಕಿದೆ. ಇಲ್ಲವೆಂದು ತಿಳಿದೂ ಹುಡುಕಿದೆ. ಕಪಾಟಿನಲ್ಲಿ ಸಿಕ್ಕಿದ್ದು ಆ ಎರಡು ರಟ್ಟುಗಳು ಮಾತ್ರ. ಮುಟ್ಟಿದೊಡನೆ ಒಣಗಿದ ರಬ್ಬರ್ ಬ್ಯಾಂಡ್ ತುಂಡಾಯಿತು. ಬರಿಗೈಯಲ್ಲಿ ಹೊರಗೆ ಬಂದೆ. ಅವರೆಕಾಯಿಯನ್ನು ತಿರುಗಿ ಹೊತ್ತುಕೊಂಡು ಹೋಗಲು ಅವಳು ಒಪ್ಪಲಿಲ್ಲ.

ನನ್ನ ಹೆಂಡತಿ ಈಗ ಕಾಳು ಸುಲಿಯುತ್ತಿದ್ದಾಳೆ. ರಟ್ಟುಗಳು ನನ್ನ ಮುಂದಿವೆ. ನಡುವೆ ಇಡಲು ಏನೂ ಇಲ್ಲ.