ಲಾಳ ಕಳಚಿದ ರೋಸಿ

ನಮ್ಮ ಮನೆಯ ಟವೆಲ್ಲುಗಳಿಗೆ ಎರಡು ಜನ್ಮ. ಮೊದಲನೆಯದು ಮನುಷ್ಯರ ಮೈ ಒರೆಸುವುದರಲ್ಲಿ ಸವೆದರೆ, ಎರಡನೆಯದು ರೋಸಿಯ ಗೊರಸು ಒರೆಸುವುದರಲ್ಲಿ ಮುಗಿಯುತ್ತದೆ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಹೆಂಡತಿ ಶಿಫ್ಟಿಗೆ ಹೊರಡುವಾಗ, "ರೀ, ಆ ನೀಲಿ ಟವೆಲ್ ಎಲ್ಲಿ? ಅದಿನ್ನೂ ರಿಟೈರ್ ಆಗಿಲ್ಲ" ಎನ್ನುತ್ತಾಳೆ. ನಾನು ಕೇಳಿಸದವನಂತೆ ಬೂಟು ಹಾಕಿಕೊಳ್ಳುತ್ತೇನೆ.

ರೋಸಿ, ನಾಟಿಂಗ್‌ಹ್ಯಾಮಿನ ಹೊರಗೆ ನಾನು ದುಡಿಯುವ ಲಾಯದ ಕಂದು ಕುದುರೆ. ಒಡತಿ ಧಾರವಾಡದ ಡಾಕ್ಟರಮ್ಮ. ರೋಸಿಯ ಮುಖ ನೋಡಿದರೆ ಮಹಾರಾಣಿ, ಕಾಲು ನೋಡಿದರೆ ಪಾಪದವಳು: ಗೊರಸಿನ ಅಂಚು ಹಳೆಯ ಗೋಡೆಯ ಗಾರೆಯಂತೆ ಉದುರುತ್ತಿತ್ತು, ಹೊಡೆದ ಮೊಳೆ ನಿಲ್ಲುತ್ತಿರಲಿಲ್ಲ.

ಗೆಳೆಯರೇ, ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು, ಆದರೆ ಮೈಸೂರಿನ ಜಟಕಾ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದ ಮನೆತನದವನು. ನಮ್ಮಲ್ಲಿ ಬೇಸಿಗೆಗೆ ಗೊರಸು ಒಣಗಿ ಬಿರಿಯದಿರಲೆಂದು ಒದ್ದೆ ಗೋಣಿ ಸುತ್ತಿ, ಹರಳೆಣ್ಣೆ ಸವರುವುದು ರೂಢಿ. ಆ ವಿದ್ಯೆಯನ್ನು ಇಲ್ಲಿಗೂ ಹೊತ್ತು ತಂದು, ವರ್ಷವಿಡೀ ಕೆಸರಲ್ಲೇ ನಿಲ್ಲುವ ಕುದುರೆಯ ಗೊರಸಿಗೆ ನಿಷ್ಠೆಯಿಂದ ಇನ್ನಷ್ಟು ನೀರು ಕುಡಿಸಿದೆ. ಗೊರಸು ನೆನೆದ ಹಪ್ಪಳವಾಯಿತು.

ಒಂದು ಭಾನುವಾರ ಡಾಕ್ಟರಮ್ಮ ಬೇಲಿಗೊರಗಿ ನೋಡಿದರು. "ಹಿಂಗ ಕುಂಟಿದ್ರ ಹೆಂಗ್ರಿ, ಶಿವಣ್ಣ? ವಸಂತದೊಳಗ ಸುಧಾರಿಸ್ಲಿಲ್ಲಂದ್ರ ಆಕೀನ ಇಟ್ಕೊಳ್ಳೋದು ಪಾಪ. ನೋವಿನ್ಯಾಗ ಇಡಬಾರ್ದು."

"ಸ್ವಲ್ಪ ಟೈಮ್ ಕೊಡಿ ಮೇಡಂ" ಎಂದೆ. ನೋವಿನಿಂದ ಬಿಡಿಸುವುದೆಂದರೆ ಇಲ್ಲಿ ಕುದುರೆಗೆ ಕೊನೆಯ ಸೂಜಿ ಚುಚ್ಚಿಸುವುದೆಂದು ಇಬ್ಬರಿಗೂ ಗೊತ್ತಿತ್ತು.

ಲಾಳ ಹೊಡೆಯಲು ಬರುವ ಟಾಮ್ ಎಂಬ ದಢೂತಿ ಇಂಗ್ಲಿಷಿನವನು ಗೊರಸು ಬಡಿದು ನೋಡಿ, ಲಾಳ ತೆಗೆದೇಬಿಡೋಣ, ಒಣಗಿಸಿಡು, ದಿನಾ ಸ್ವಲ್ಪ ಗಟ್ಟಿ ನೆಲದಲ್ಲಿ ನಡೆಸು ಎಂದ. ಲಾಳವಿಲ್ಲದ ಕುದುರೆಯೆಂದರೆ ನಮ್ಮ ಬೀದಿಯಲ್ಲಿ ಬರಿಗಾಲಲ್ಲಿ ಬಂದ ಮದುಮಗ. ಕುದುರೆಗಲ್ಲ, ಲಾಳದ ಮನೆಯವರಿಗೇ ಅವಮಾನ. ನನ್ನ ಮುಖ ನೋಡಿ ಅವನು, "ಏನಪ್ಪ, ನಿನ್ನ ಶೂ ಕಿತ್ತುಕೊಂಡೆನಾ?" ಎಂದು ನಕ್ಕ. ನಾನು ನಗಲಿಲ್ಲ. ರೋಸಿಯ ಕಾಲು ಮಾತ್ರ ಎತ್ತಿ ಹಿಡಿದೆ. ಒಂದೊಂದೇ ಮೊಳೆ ಕಿತ್ತು ಬಂದಾಗ ರೋಸಿ ಉಸಿರುಬಿಟ್ಟ ಸದ್ದಿಗೆ ನನ್ನ ಮನೆತನದ ಮೀಸೆ ಸ್ವಲ್ಪ ಕೆಳಗಿಳಿಯಿತು.

ಅಂದಿನಿಂದ ಟವೆಲ್ಲುಗಳ ಎರಡನೇ ಜನ್ಮ ಶುರುವಾಯಿತು. ಒರೆಸು, ಒಣಹುಲ್ಲಿನ ಮೇಲೆ ನಿಲ್ಲಿಸು, ನಡೆಸು. ಹೊಡೆದು ಕೂರಿಸುವುದಷ್ಟೇ ಕಸುಬು ಅಂದುಕೊಂಡಿದ್ದೆ. ಸುಮ್ಮನೆ ಬಿಟ್ಟು ಕಾಯುವುದೂ ಬೆವರಿನ ಕೆಲಸವೇ, ಮೈಗಲ್ಲ, ಹಟಕ್ಕೆ. ಮೇಲಿನಿಂದ ಹೊಸ ಗೊರಸು ಅಕ್ಕಿಯಷ್ಟು ಅಕ್ಕಿಯಷ್ಟಾಗಿ ಇಳಿದು ಬಂತು.

ವಸಂತ ಬಂದು ಹಳದಿ ಡ್ಯಾಫೋಡಿಲ್ ಹೂ ಅರಳುವ ಹೊತ್ತಿಗೆ ಡಾಕ್ಟರಮ್ಮ ಬಂದರು. ನಾನು ರೋಸಿಯ ಹಗ್ಗ ಹಿಡಿದು ಡಾಂಬರು ದಾರಿಗಿಳಿದೆ. ಲಾಳವಿದ್ದಾಗ ಬೆನ್ನ ಹಿಂದೆ ಟಕಟಕ ಸದ್ದು ಇರುತ್ತಿತ್ತು, ತಿರುಗಿ ನೋಡಬೇಕಾಗಿರಲಿಲ್ಲ. ಈಗ ಆ ಸದ್ದಿಲ್ಲ. ನಿಂತುಬಿಟ್ಟಳೇನೋ ಎಂದು ತಿರುಗಿದೆ. ರೋಸಿ ನನ್ನ ಹೆಗಲ ಬಳಿಯೇ, ನಾಲ್ಕೂ ಕಾಲನ್ನು ಸಮವಾಗಿ ಊರುತ್ತಾ ಬರುತ್ತಿದ್ದಳು.

"ಇರ್ಲಿ ಬಿಡ್ರಿ, ಇಲ್ಲೇ ಇರ್ಲಿ" ಎಂದರು ಡಾಕ್ಟರಮ್ಮ ಬೇಲಿಯಾಚೆಯಿಂದ.

ನಾನೂ ರೋಸಿಯೂ ಇನ್ನೊಂದು ಸುತ್ತು ನಡೆದೆವು.