ವಲ್ಲಿಯ ಕೆಳಗಿನ ವ್ಯಾಪಾರ

ನಮ್ಮ ಕಾಕಾ ಮಾತಿನ ಮಲ್ಲ. ಮದುವೆ ಮನೆಯಲ್ಲಿ ಪಂಕ್ತಿ ಎದ್ದುಹೋದರೂ ಅವರ ಕತೆ ಮುಗಿಯುವುದಿಲ್ಲ. ಅಂಥವರ ಬಾಯಿ ಹೋದ ವಾರ ರೋಣದ ಹತ್ತಿ ಪೇಟೆಯಲ್ಲಿ ಕಟ್ಟಿಹೋಯಿತು. ಕಣ್ಣಾರೆ ನೋಡಿದೆ!

ಕಾಕಾ ಹತ್ತಿ ಖರೀದಿ ಮಾಡುವವರು. ಇಲ್ಲಿಯವರೆಗೆ ಆ ವ್ಯಾಪಾರ ನಡೆಯುತ್ತಿದ್ದದ್ದು ವಲ್ಲಿಯ, ಅಂದರೆ ಹೆಗಲ ಮೇಲಿನ ಶಲ್ಯದ, ಕೆಳಗೆ. ದಲಾಲನ ಕೈ, ಖರೀದಿದಾರನ ಕೈ, ಮೇಲೆ ಹೆಗಲ ವಲ್ಲಿಯ ಮುಸುಕು. ಒಂದು ಬೆರಳು ಹಿಡಿದರೆ ಒಂದು ದರ, ಒತ್ತಿ ಹಿಡಿದರೆ ಇನ್ನೊಂದು. ಹತ್ತಿ ಬೆಳೆದವರು ಮಾತ್ರ ಎದುರಿಗೇ ನಿಂತು ವಲ್ಲಿ ಅಲುಗಾಡುವುದನ್ನು ನೋಡಬೇಕು. (ಒಳಗೇನಿದೆ ಎಂದು ಚಿಕ್ಕಂದಿನಲ್ಲಿ ನಾನೂ ಇಣುಕಿ ಬೈಸಿಕೊಂಡವನೇ.)

ಈಗ ಸರಕಾರ ವಲ್ಲಿ ತೆಗೆಸಿದೆ. ಬಹಿರಂಗ ಲಿಲಾವು, ಎಲ್ಲರೆದುರು ಹರಾಜು. ದರ ಕೂಗಿ ಹೇಳಬೇಕು. ಆದರೆ ಸದ್ಯಕ್ಕೆ ಬರೀ ಟ್ರಾಯಲ್. ಹಳೆಯ ಪದ್ಧತಿಯೇ ಬೇಕೆಂದು ವ್ಯಾಪಾರಿಗಳು ಅರ್ಜಿ ಹಾಕಿದ್ದಾರೆ.

"ನಾಕ ಮಂದ್ಯಾಗ ದರಾ ಒದರೂದಂದ್ರ ಮರ್ಯಾದಿ ಏನ ಉಳೀತೋ?" ಎಂದು ಕಾಕಾ ದಾರಿಯುದ್ದಕ್ಕೂ ಗೊಣಗಿದರು.

ಮರ್ಯಾದೆ ಇರುವುದೆಲ್ಲಿ? ವಲ್ಲಿಯ ಕೆಳಗೋ?

ಮೊದಲ ಲಿಲಾವು ಅಬ್ಬಿಗೇರಿಯ ಬಸವ್ವನ ಹತ್ತಿಯದು. ಗಂಡ ತೀರಿದ ಮೇಲೆ ಹೊಲ ಅವಳೇ ನೋಡಿಕೊಳ್ಳುತ್ತಾಳೆ. ವರ್ಷದ ದುಡಿಮೆಯೆಲ್ಲ ಅವಳು ತಂದ ಎತ್ತಿನ ಚಕ್ಕಡಿಯಲ್ಲಿತ್ತು. ಎಲ್ಲರೂ ಕಾಕಾನ ಮುಖ ನೋಡಿದರು. ಕಾಕಾ ಕೆಮ್ಮಿದರು. ಹೆಗಲ ವಲ್ಲಿ ತಾನಾಗಿಯೇ ಕೈಮೇಲೆ ಬಂತು. ಅದರ ಕೆಳಗೆ ಬೆರಳು ಆಡತೊಡಗಿದವು. ಹಿಡಿಯಲು ಅಲ್ಲಿ ಯಾರ ಕೈಯೂ ಇಲ್ಲ!

"ಬಾಯಿ ಬಿಡ್ರಿ ಸಾವ್ಕಾರ್ರ," ಎಂದಳು ಬಸವ್ವ. "ಹತ್ತಿ ನಂದೈತಿ. ನನಗೂ ಕೇಳ್ಲಿ."

ಕಾಕಾ ಹೇಗೋ ಕೂಗಿದರು. ಆಚೆಯಿಂದ ಇನ್ನೊಬ್ಬರು ಏರಿಸಿದರು. ಕಾಕಾನಿಗೆ ರೋಷ ಬಂತು, ಮತ್ತೂ ಏರಿಸಿದರು. ನೋಡನೋಡುತ್ತ ಅವರ ಮುಖಕ್ಕೆ ಮದುವೆ ಮನೆಯ ಕಳೆ! ಕೊನೆಗೆ ಹತ್ತಿ ಅವರದೇ ಆಯಿತು.

ಏರಿದ ದರ ಕೇಳಿ ಬಸವ್ವ ಬೆರಗಾಗಿ ನಿಂತಿದ್ದಳು. "ಹಂಗಾರ ಇಷ್ಟ ವರ್ಷ ಇವ್ರು ಒಳಗ ಏನ ಮಾತಾಡ್ತಿದ್ರು?"

ನನಗೂ ಅದೇ ಕುತೂಹಲ. ಬದಲಾವಣೆ ಎಂದರೆ ನಾವು ಹೆದರುವುದು ನಷ್ಟಕ್ಕೋ, ರೂಢಿ ಬಿಡುವ ನಾಚಿಕೆಗೋ? ಕಾಕಾನ ನಾಚಿಕೆ ಬಿಡಿಸಲು ಒಂದು ಕೂಗು ಸಾಕಾಯಿತು. ಬದಲಾವಣೆ ತಂದ ಸರಕಾರಕ್ಕೂ ನಾಚಿಕೆ ಇರುತ್ತದೆಯೇ?

ಲಿಲಾವು ನಡೆಸಿದ ಸರಕಾರಿ ಆಫೀಸರು ನನ್ನ ಪಕ್ಕದಲ್ಲೇ ಇದ್ದರು. "ಮುಂದಿನ ಸಂತಿಗೂ ಹಿಂಗ ಇರತೈತೇನ್ರಿ? ಇಲ್ಲಾ ಮತ್ತ ವಲ್ಲಿ ಬರತೈತೋ?" ಬಸವ್ವ ಅವರನ್ನೇ ಕೇಳಿದಳು.

ಅವರು ಅತ್ತಿತ್ತ ನೋಡಿದರು. ಬಾಯಿಗೆ ಕೈ ಅಡ್ಡ ಹಿಡಿದು, ಉತ್ತರ ಪಿಸುಗುಟ್ಟಲು ನನ್ನ ಕಿವಿಯತ್ತ ಬಾಗಿದರು.

"ಸಾಹೇಬ್ರ," ಎಂದಳು ಬಸವ್ವ, "ನೀವೂ ಒದರಿ ಹೇಳ್ರಿ!"