ಮಾಳಸಿದ್ದನ ಚಪ್ಪಾಳೆ

ದೂಧಗಂಗೆಯ ತಳ ಹೇಗಿದೆಯೆಂದು ಏಕಸಂಬಿಯ ಸುತ್ತಲಿನವರನ್ನು ಕೇಳಿದರೆ ಎಲ್ಲರೂ ಮಾಳಸಿದ್ದನ ಕಡೆಗೇ ಬೆರಳು ಮಾಡುತ್ತಾರೆ. ಹೊಳೆಯೊಳಗಿನ ಪಂಪಿನ ಜಾಳಿಗೆ ಕೆಸರು ತುಂಬಿ ಕಬ್ಬಿಗೆ ನೀರು ನಿಂತಿತೆಂದರೆ, ಎಂಥ ದೊಡ್ಡ ಮನುಷ್ಯರೂ ಅವನ ಬಾಗಿಲಿಗೆ ಬರಲೇಬೇಕು. ಅವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮುಳುಗುತ್ತಾನೆ. ಹೆಂಡತಿ ದುಂಡವ್ವ ದಡದಲ್ಲಿ ಹಗ್ಗದ ತುದಿ ಹಿಡಿದು ನಿಲ್ಲುತ್ತಾಳೆ. ಅವಳು ಎರಡು ಸಲ ಜಗ್ಗಿದರೆ ಎದ್ದು ಬಾ ಎಂದರ್ಥ. ಇಪ್ಪತ್ತೆರಡು ವರ್ಷ ಹೀಗೇ ನಡೆಯಿತು. ನೀರಿನ ಒತ್ತಡ ತಿಂದು ತಿಂದು ಅವನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಗೆ ಬಾಯಿ ಹಚ್ಚಿ ಕೂಗಬೇಕು.

ಹೋದ ಆಗಸ್ಟಿನಲ್ಲಿ ಊರ ಹೈಸ್ಕೂಲಿನಲ್ಲಿ ಚರ್ಚಾಸ್ಪರ್ಧೆ. ಸಮುದ್ರ ಶೋಧನೆ ಹೆಚ್ಚೋ, ಬಾಹ್ಯಾಕಾಶ ಶೋಧನೆ ಹೆಚ್ಚೋ? ಇಟ್ಟದ್ದು ಬಾಹ್ಯಾಕಾಶ ದಿನದಂದೇ. ಅಂದಮೇಲೆ ಸಮುದ್ರದ ಪಾಡು ಕೇಳಬೇಕೆ? ಆ ಪಾಲು ಬಂದದ್ದು ಹತ್ತನೆಯ ಇಯತ್ತೆಯ ಸ್ನೇಹಲಳಿಗೆ, ಮಾಳಸಿದ್ದನ ಮಗಳಿಗೆ. ಹುಡುಗಿ ಎಂಟು ದಿನ ಕೂತು ಬರೆದಳು. ಅದರಲ್ಲಿ ನಿನ್ನ ಸುದ್ದಿಯೇ ಇದೆಯೆಂದು ದುಂಡವ್ವ ಕೂಗಿ ಹೇಳಿದ ಮೇಲೆ ಮಾಳಸಿದ್ದ ಇಸ್ತ್ರಿ ಅಂಗಿ ತೊಟ್ಟು ಎಲ್ಲರಿಗಿಂತ ಮೊದಲು ಹೋಗಿ ಕೂತ. ಆ ನಾಲ್ಕು ಮಾತು ತನ್ನ ಕಿವಿಗೆ ಬೀಳಬೇಕು, ಅದೊಂದೇ ಆಸೆ.

ಬೀಳಲಿಲ್ಲ. ಮೈಕು ಗೊರಗೊರ ಎಂದಿತು, ಅಷ್ಟೆ. "ಚಂದ್ರನ ಮ್ಯಾಲ ಏನೈತಿ ಅಂತ ಎಲ್ಲಾರಿಗೂ ಗೊತ್ತೈತಿ. ನಮ್ಮ ಹೊಳಿ ತಳದಾಗ ಏನೈತಿ ಅಂತ ನಮ್ಮಪ್ಪನ ಕೈಗಷ್ಟ ಗೊತ್ತೈತಿ" ಎಂದು ಸ್ನೇಹಲ ಹೇಳಿದಳು. ಆ ಮಾತು ಯಾರಿಗೆ ಮುಟ್ಟಬೇಕಿತ್ತೋ ಅವನಿಗೆ ಮುಟ್ಟಲಿಲ್ಲ. ಜನ ನಕ್ಕರೆ ನಗುವುದು, ಜನ ತಟ್ಟಿದರೆ ತಟ್ಟುವುದು, ಅವನಿಗೆ ಉಳಿದದ್ದು ಇಷ್ಟೇ.

ಆಮೇಲೆ ಎದುರು ಪಕ್ಷದ ಪ್ರಾಜಕ್ತಾ ಎದ್ದಳು. "ನೀರಿನ ತಳದಾಗ ಕೆಸರ ಬಿಟ್ರ ಏನೈತ್ರಿ? ಆಕಾಶಕ್ಕ ಹೋಗಿ ಬಂದಾವ್ರಿಗೆ ಜಗತ್ತ ಸಲಾಂ ಹೊಡೀತೈತಿ!" ಸಭೆಯೆಲ್ಲ ಬಿದ್ದು ಬಿದ್ದು ನಕ್ಕು ಚಪ್ಪಾಳೆ ತಟ್ಟಿತು. ಮಾಳಸಿದ್ದನೂ ತಟ್ಟಿದ. ಗಾಬರಿಬಿದ್ದ ದುಂಡವ್ವ, ಸುಮ್ಮನಿರು ಎಂಬಂತೆ ಅವನ ಅಂಗಿಯನ್ನು ಎರಡು ಸಲ ಜಗ್ಗಿದಳು. ಅವನು ದಡಕ್ಕನೆ ಎದ್ದು ನಿಂತು, ಕೈ ಮೇಲೆತ್ತಿ ಇನ್ನೂ ಜೋರಾಗಿ ತಟ್ಟತೊಡಗಿದ.

ತೀರ್ಪು ಕೊಡಲು ಬಂದಿದ್ದ ಅಣ್ಣಾಸಾಬರಿಗೆ ಅಷ್ಟು ಸಾಕಾಯಿತು. ಅವರ ಕಬ್ಬಿಗೆ ನೀರು ಹರಿಸಿದವನೇ ಈತ. ಅದೆಲ್ಲ ಆ ಹೊತ್ತಿಗೆ ನೆನಪಿಗೆ ಬರುವುದೆಂತು? "ನೋಡ್ರಿ, ತಳಾ ಕಂಡ ಮನಶ್ಯಾನ ಎದ್ದ ನಿಂತ ಒಪ್ಪ್ಯಾನ. ಇನ್ನೇನ ಉಳದೈತಿ?" ಎಂದು ನಗುತ್ತ ಪ್ರಾಜಕ್ತಾಳನ್ನು ಕರೆದರು. ಬಹುಮಾನ ಬೇರೆ ಹುಡುಗಿಯ ಕೈಗೆ ಹೋದಾಗಲೇ ಮಾಳಸಿದ್ದನ ಕೈ ನಿಂತದ್ದು.

ಮನೆಗೆ ಬಂದು ದುಂಡವ್ವ ನಡೆದದ್ದನ್ನೆಲ್ಲ ಕೂಗಿ ಹೇಳಿದಳು. ಅವನು ನಾಚಿಕೆಯಿಂದ ಹಿಡಿಯಷ್ಟಾದ. ಮಗಳ ಎದುರು ಹೋಗಿ ಕೂತು, "ತಪ್ಪಾತವ್ವಾ. ನನಗ ಕೇಳಲಿಲ್ಲ" ಎಂದ.

ಸ್ನೇಹಲ ಅವನ ಬಲಗಿವಿಗೆ ಬಾಯಿ ಹಚ್ಚಿದಳು. "ಇನ್ನ ನೀರಿಗಿಳದ್ರ ಕಿವಿ ಉಳಿಯೂದಿಲ್ಲಂತ ನಿಪ್ಪಾಣಿ ಡಾಕ್ಟರ್ ಹೇಳಿದ್ದು ಕೇಳಿತ್ತಲ್ಲಪ್ಪಾ? ಬ್ಯಾಡಂತ ನಾನೂ ಕಾಲ ಹಿಡದ ಅತ್ತಿದ್ದೆ. ನಿನ್ನ ಬಿಟ್ರ ಯಾರದಾರೋ ಅಂತ ಅಣ್ಣಾಸಾಬರು ಅಂದಕೂಡ್ಲೆ ಓಡಿ ಹೋದಿ."

ಒಂದಕ್ಷರ ಬಿಡದೆ ಎಲ್ಲವೂ ಕೇಳಿಸಿತು. ಮಾಳಸಿದ್ದ ಕಿವಿಗೆ ಕೈ ಹಚ್ಚಿ, "ಏನಂದಿ ಮಗಳ?" ಎಂದ.